ಕಣ್ಣು ಮುಚ್ಚದ ಇರುಳು

ನಿದ್ರೆ ಬಾರದ ವ್ಯಾಧಿಗೆ ಚೀನದ ಪ್ರಾಚೀನ ವೈದ್ಯರು ಇಟ್ಟ ಹೆಸರುಗಳಲ್ಲೊಂದನ್ನು ಕನ್ನಡದಲ್ಲಿ ಹೇಳುವುದಾದರೆ ‘ಕಣ್ಣು ಮುಚ್ಚದಿರುವಿಕೆ’ ಎಂದಾಗುತ್ತದೆ. ಸುಮಾರು ಎರಡು ಸಾವಿರ ವರ್ಷಗಳ ಹಿಂದೆ ರೂಪುಗೊಂಡ ‘ಹ್ವಾಂಗ್‌ದೀ ನೇಜಿಂಗ್’ ಎಂಬ ಆಕರಗ್ರಂಥದ ‘ಲಿಂಗ್‌ಶೂ’ ಭಾಗದ 71ನೆಯ ಅಧ್ಯಾಯವು, ದೇಹವನ್ನು ಕಾಯುವ ಚೀ ಎಂಬ ಪ್ರಾಣಶಕ್ತಿಯು ಹಗಲೆಲ್ಲ ಯಾಂಗ್ ಎಂಬ ಹೊರನೆಲೆಯಲ್ಲಿ ಸಂಚರಿಸಿ ಇರುಳಾದೊಡನೆ ಯಿನ್ ಎಂಬ ಒಳನೆಲೆಯನ್ನು ಹೊಗತಕ್ಕುದೆಂದೂ, ಒಳಗೆ ನೆಲೆಸಿದ ದೋಷವು ಅದರ ಪ್ರವೇಶವನ್ನು ತಡೆದಾಗ ಅದು ಹೊರಗೇ ಉಳಿಯುವುದರಿಂದ ರೆಪ್ಪೆ ಕೂಡುವುದಿಲ್ಲವೆಂದೂ ವಿವರಿಸುತ್ತದೆ. ಇಂಥ ಸಂಚಾರವನ್ನು ಶವಚ್ಛೇದನದಲ್ಲಿ ಯಾರೂ ತೋರಿಸಿಕೊಟ್ಟಿಲ್ಲ; ಆದರೂ ಇದನ್ನು ಬರಿಯ ಕಲ್ಪನೆಯೆಂದು ತಳ್ಳಿಬಿಡಲು ನನಗೆ ಮನಸ್ಸೊಪ್ಪದು. ಎಚ್ಚರಕ್ಕೂ ನಿದ್ರೆಗೂ ಒಂದೇ ಶಕ್ತಿಯ ನಡೆ ಕಾರಣವೆಂದು ಬಗೆದ ವೈದ್ಯನು ಇರುಳಿನ ಕೇಡಿನ ಮೂಲವನ್ನು ಹಗಲಿನಲ್ಲಿಯೂ ಹುಡುಕದಿರಲಾರ.

ಅದೇ ಅಧ್ಯಾಯವು ವಿಧಿಸುವ ಕಷಾಯದ ಕ್ರಮ ಹೀಗಿದೆ: ಬಹುದೂರದಿಂದ ಹರಿದುಬಂದ ನೀರನ್ನು ಹತ್ತು ಸಾವಿರ ಸಲ ಎತ್ತೆತ್ತಿ ಹೊಯ್ದು, ತಿಳಿಯಾದ ಭಾಗವನ್ನು ಜೊಂಡಿನ ಉರಿಯಲ್ಲಿ ಕುದಿಸಿ, ಒಂದು ಬಗೆಯ ಕಿರುಧಾನ್ಯವನ್ನೂ ಬಾನ್‌ಶ್ಯಾ ಎಂಬ ಗೆಡ್ಡೆಯನ್ನೂ ಅದರಲ್ಲಿ ಬೇಯಿಸಿ, ಸೋಸಿ, ಸಣ್ಣ ಬಟ್ಟಲಿನಲ್ಲಿ ದಿನಕ್ಕೆ ಮೂರು ಬಾರಿ ಕುಡಿಯಬೇಕು. ಬಾನ್‌ಶ್ಯಾ ನಮ್ಮ ಕೆಸುವಿನ ಕುಲದ್ದು. ಹಸಿಯಾಗಿ ತಿಂದರೆ ಕೆಸುವಿನಂತೆಯೇ ಗಂಟಲು ತುರಿಸುವ ಈ ವಿಷಗೆಡ್ಡೆಯನ್ನು ಶುಂಠಿಯೇ ಮೊದಲಾದುವುಗಳಿಂದ ಸಂಸ್ಕರಿಸಿದ ಮೇಲೆ ಬಳಸುವುದು ರೂಢಿ. ವಾಂತಿಗೂ ಕಫಕ್ಕೂ ಹೆಸರಾದ ಇಂಥ ಮದ್ದನ್ನು ನಿದ್ರೆ ಕೆಟ್ಟವನಿಗೆ ಕೊಟ್ಟುದರಲ್ಲಿ, ಹೊಟ್ಟೆಯ ಸಮಾಧಾನವಿಲ್ಲದೆ ಹಾಸಿಗೆಯಲ್ಲಿ ಸಮಾಧಾನವಿಲ್ಲವೆಂಬ ಅನುಭವಜ್ಞಾನವಡಗಿದೆ.

ಆ ಗ್ರಂಥದಲ್ಲಿ ನನ್ನನ್ನು ಹೆಚ್ಚಾಗಿ ತಡೆದು ನಿಲ್ಲಿಸಿದ ಭಾಗ ‘ಲಿಂಗ್‌ಶೂ’ವಿನ 18ನೆಯ ಅಧ್ಯಾಯದಲ್ಲಿದೆ. ಮುದುಕರು ಇರುಳಿನಲ್ಲಿ ಏಕೆ ನಿದ್ರಿಸರು, ಯುವಕರು ಹಗಲಿನಲ್ಲಿ ಏಕೆ ನಿದ್ರಿಸರು ಎಂಬ ಪ್ರಶ್ನೆ ಅಲ್ಲಿ ಬರುತ್ತದೆ. ವಯಸ್ಸಾದವರ ರಕ್ತವೂ ಪ್ರಾಣವೂ ಕ್ಷೀಣಿಸಿ, ಮಾಂಸ ಒಣಗಿ, ಸಂಚಾರದ ಹಾದಿಗಳು ಒರಟಾಗಿರುವುದರಿಂದ ಅವರಿಗೆ ಹಗಲಿನ ಚುರುಕೂ ಇಲ್ಲ, ಇರುಳಿನ ನಿದ್ರೆಯೂ ಇಲ್ಲವೆಂಬುದು ಉತ್ತರ. ಮನೆಯ ಹಿರಿಯರು ನಡುರಾತ್ರಿಯಲ್ಲಿ ಎದ್ದು ಕುಳಿತಿರುವುದನ್ನು ಕಂಡು ಚಿಂತೆಯ ಫಲವೆಂದೋ ಹಟವೆಂದೋ ಗದರುವ ನಾವು, ಅದು ದೇಹದ ಮಾಗುವಿಕೆಯೊಡನೆ ಬಂದುದೆಂದು ಅಷ್ಟು ಹಿಂದೆಯೇ ಕಂಡುಕೊಂಡವರ ದೃಷ್ಟಿಗೆ ಗೌರವ ಸಲ್ಲಿಸಬೇಕು.

ಹಾನ್ ರಾಜ್ಯದ ಕೊನೆಗಾಲದ ಝಾಂಗ್ ಝೋಂಗ್‌ಜಿಂಗ್ ಈ ವಿವೇಚನೆಯನ್ನು ಸೂಕ್ಷ್ಮಗೊಳಿಸಿದನು: ದಣಿದು ಬಳಲಿ ಚಡಪಡಿಸುವವನಿಗೆ, ನಮ್ಮ ಎಲಚಿಯ ಜಾತಿಗೆ ಸೇರಿದ ಮುಳ್ಳುಗಿಡದ ಬೀಜವನ್ನು ಜ್ಯೇಷ್ಠಮಧುವೇ ಮೊದಲಾದುವುಗಳೊಡನೆ ಕೊಟ್ಟನು, ಜ್ವರದ ತಾಪ ಒಳಗುಳಿದು ಎದೆ ಕುದಿಯುವವನಿಗೆ ಕೋಳಿಮೊಟ್ಟೆಯ ಹಳದಿ ಬೆರೆಸಿದ ಬೇರೊಂದು ಕಷಾಯವನ್ನು ವಿಧಿಸಿದನು. ನಿದ್ರೆ ಬಾರದವರೆಲ್ಲ ಒಂದೇ ಬಗೆಯ ರೋಗಿಗಳಲ್ಲವೆಂಬ ಈ ಭೇದಬುದ್ಧಿಯೇ ಆ ಪರಂಪರೆಯ ಸತ್ತ್ವವೆಂದು ನಾನು ಎಣಿಸುತ್ತೇನೆ.

ಆದರೆ ಕಾಲಕ್ರಮದಲ್ಲಿ ಭೇದಗಳು ಬೆಳೆದಷ್ಟು ಪರೀಕ್ಷೆ ಬೆಳೆಯಲಿಲ್ಲ. ಹೃದಯಕ್ಕೂ ಮೂತ್ರಪಿಂಡಕ್ಕೂ ಸಂಬಂಧ ಕಡಿದಿದೆ, ಯಕೃತ್ತಿನಲ್ಲಿ ಬೆಂಕಿ ಎದ್ದಿದೆ ಎಂಬ ನಿರ್ಣಯಗಳನ್ನು ಯಾವ ಲಕ್ಷಣ ಕಂಡರೆ ತಪ್ಪೆಂದು ಒಪ್ಪಬೇಕೆಂಬುದನ್ನು ಶಾಸ್ತ್ರವು ಸ್ಪಷ್ಟಪಡಿಸುವುದಿಲ್ಲ. ಲೀ ದೋಂಗ್‌ಯ್ವಾನ್ (1180–1251) ಎಂಬ ಮಹಾವೈದ್ಯನೇ ಚಿತ್ತಶಾಂತಿಗೆಂದು ಇಂಗಳೀಕದ ಗುಳಿಗೆಯನ್ನು ವಿಧಿಸಿದನು; ಇಂಗಳೀಕವೆಂದರೆ ಪಾದರಸ ಮತ್ತು ಗಂಧಕಗಳ ಸಂಯುಕ್ತ. ಮನಸ್ಸಿನ ತಳಮಳವನ್ನು ಭಾರವಾದ ಖನಿಜವು ಕೆಳಗೆ ಒತ್ತಿಹಿಡಿಯುವುದೆಂಬ ಸಾದೃಶ್ಯತರ್ಕವು ವೈದ್ಯರನ್ನು ಇಲ್ಲಿ ಎಷ್ಟು ದಾರಿ ತಪ್ಪಿಸಿತೆಂದರೆ, ಕಿರುಧಾನ್ಯದ ಗಂಜಿಯಿಂದ ಆರಂಭವಾದ ವೈದ್ಯವು ಪಾದರಸಕ್ಕೆ ಬಂದು ತಲುಪಿತು.

ಇದೇ ಪರಂಪರೆಯು ನಿದ್ರೆ ಬಾರದವರಿಗೆ ಮಾಡುವ ಸೂಜಿಚಿಕಿತ್ಸೆಯ ವಿಷಯದಲ್ಲಿ, ವೈದ್ಯಕೀಯ ಪ್ರಯೋಗಗಳನ್ನು ಒಟ್ಟಿಗಿಟ್ಟು ಅಳೆಯುವ 2012ರ ಕಾಕ್ರೇನ್ ಸಮೀಕ್ಷೆಯು 33 ಪ್ರಯೋಗಗಳನ್ನೂ ಅವುಗಳಲ್ಲಿ ಪಾಲ್ಗೊಂಡ 2293 ಜನರನ್ನೂ ಪರಿಶೀಲಿಸಿ, ಪ್ರಯೋಗಗಳ ಗುಣಮಟ್ಟ ಹೀನವಾಗಿರುವುದರಿಂದ ಅದು ಫಲಕಾರಿಯೆಂದಾಗಲಿ ಅಲ್ಲವೆಂದಾಗಲಿ ಹೇಳಲಾಗದೆಂದಿತು. ರೋಗಿಗಳ ಪ್ರಕೃತಿಭೇದವನ್ನು ಅರಿಯದೆ ಎಲ್ಲರನ್ನೂ ಒಂದೇ ತಕ್ಕಡಿಯಲ್ಲಿ ತೂಗಿದರೆ ತಮ್ಮ ಶಾಸ್ತ್ರ ತಿಳಿಯದೆಂದು ಅನುಯಾಯಿಗಳು ಹೇಳುವುದುಂಟು. ಆ ಮಾತಿನಲ್ಲಿ ನ್ಯಾಯವಿದೆ; ಹಾಗಾದರೆ ಮೊದಲು ಆಗಬೇಕಾದ ಪರೀಕ್ಷೆ ಬೇರೆ. ನಿದ್ರೆಗೆಟ್ಟ ಒಬ್ಬನೇ ರೋಗಿಯ ನಾಡಿಯನ್ನೂ ನಾಲಗೆಯನ್ನೂ ಇಬ್ಬರು ವೈದ್ಯರು ಬೇರೆ ಬೇರೆಯಾಗಿ ನೋಡಿ, ಪರಸ್ಪರ ಮಾತಾಡದೆ, ತಮ್ಮ ತಮ್ಮ ನಿರ್ಣಯವನ್ನು ಬರೆದಿಡಲಿ. ಆ ಎರಡು ಕಾಗದಗಳನ್ನು ಮೂರನೆಯವರು ಒಟ್ಟಿಗಿಟ್ಟು ಓದಲಿ.