ಎರಡನೇ ಸಬ್‌ವೂಫರ್ ಎಲ್ಲಿಡಬೇಕು?

ಮನೆಗೆ ಎರಡನೇ ಸಬ್‌ವೂಫರ್ ಬಂತೆಂದರೆ, ಈತನಿಗೆ ಸದ್ದಿನ ಹುಚ್ಚು ಹೆಚ್ಚಾಯಿತು ಎಂದುಕೊಳ್ಳುವವರೇ ಜಾಸ್ತಿ. ಒಂದೇ ಸಬ್ ಕಿಟಕಿ ಗಾಜು ನಡುಗಿಸುತ್ತದಲ್ಲ, ಇನ್ನೊಂದು ಯಾಕೆ ಎಂಬ ಪ್ರಶ್ನೆ ಸಹಜ. ಉತ್ತರ ಸೋಫಾದಲ್ಲಿದೆ. ಅಲ್ಲಿ ಕೂತ ಮೂವರೂ ಒಂದೇ ಹಾಡನ್ನು ಒಂದೇ ಥರ ಕೇಳಬೇಕಾದರೆ ಎರಡು ಸಬ್ ಬೇಕು. ಅವು ಎಲ್ಲಿ ಕೂರುತ್ತವೆ ಎನ್ನುವುದು ಅವುಗಳ ಬೆಲೆಗಿಂತ ಮುಖ್ಯ.

ನಮ್ಮ ಕಡೆಯ ಒಂದು ಸಾಧಾರಣ ಹಾಲ್ ತೆಗೆದುಕೊಳ್ಳಿ: 18 ಅಡಿ ಉದ್ದ, 13 ಅಡಿ ಅಗಲ, 10 ಅಡಿ ಎತ್ತರ. ಶಬ್ದ ಸೆಕೆಂಡಿಗೆ ಸುಮಾರು 1,130 ಅಡಿ ಸಾಗುತ್ತದೆ. ಅದರ ಅರ್ಧ 565. ಅದನ್ನು ಕೋಣೆಯ ಉದ್ದದಿಂದ ಭಾಗಿಸಿದರೆ 31, ಅಗಲದಿಂದ 43, ಎತ್ತರದಿಂದ 56. ಈ ಹರ್ಟ್ಸ್‌ಗಳಲ್ಲಿ ಶಬ್ದದ ಅಲೆ ಎದುರುಬದುರು ಗೋಡೆಗಳ ನಡುವೆ ಸಿಕ್ಕಿ ಅಲ್ಲೇ ನಿಂತುಬಿಡುತ್ತದೆ. ಉದ್ದನೆಯ ತೊಟ್ಟಿಯ ನೀರನ್ನು ಅತ್ತಿತ್ತ ತೂಗಿ ನೋಡಿ. ಎರಡು ತುದಿಗಳಲ್ಲಿ ನೀರು ಏರಿಳಿಯುತ್ತದೆ, ನಟ್ಟನಡುವೆ ಮಟ್ಟ ಅಲುಗುವುದೇ ಇಲ್ಲ. ಕೋಣೆಯಲ್ಲೂ ಗೋಡೆ ಬಳಿ ಒತ್ತಡ ಗರಿಷ್ಠ, ನಡುವೆ ಸೊನ್ನೆ. ಒಂದು ಗೋಡೆಯಲ್ಲಿ ಏರಿದಾಗ ಎದುರಿನ ಗೋಡೆಯಲ್ಲಿ ಇಳಿಯುತ್ತದೆ. ಈ ಕೊನೆಯ ಮಾತು ನೆನಪಿರಲಿ, ಸಬ್ ಜೋಡಿಸುವ ವಿದ್ಯೆಯೆಲ್ಲ ಅದರ ಮೇಲೆ ನಿಂತಿದೆ.

ಈಗ ಒಂದೇ ಸಬ್ಬನ್ನು ಎಲ್ಲರೂ ಇಡುವ ಹಾಗೆ ಮೂಲೆಯಲ್ಲಿಟ್ಟು, ಬೇಸ್ ಗಿಟಾರ್ ಚೆನ್ನಾಗಿರುವ ಏನನ್ನಾದರೂ ಹಾಕಿ. ‘ಪಲ್ಲವಿ ಅನುಪಲ್ಲವಿ’ಗೆ (1983) ಇಳಯರಾಜ ಮಾಡಿದ ಹಾಡುಗಳನ್ನೇ ಹಾಕಬಹುದು. ಅಲ್ಲಿ ಬೇಸ್ ಗಿಟಾರ್ ತಾಳದ ಜೊತೆ ಸುಮ್ಮನೆ ಹೆಜ್ಜೆ ಹಾಕುವುದಿಲ್ಲ, ತನ್ನದೇ ರಾಗ ಹಾಡುತ್ತದೆ. ನಾಲ್ಕು ತಂತಿಯ ಬೇಸ್ ಗಿಟಾರಿನ ಅತಿ ತಗ್ಗಿನ ತಂತಿಯನ್ನು ಬೆರಳೊತ್ತದೆ ಮೀಟಿದರೆ 41 ಹರ್ಟ್ಸ್, ಮೊದಲ ಫ್ರೆಟ್ಟಿನಲ್ಲಿ ಒತ್ತಿ ಮೀಟಿದರೆ ಸುಮಾರು 44. ನಮ್ಮ ಹಾಲ್‌ನ ಅಗಲದ ಅಲೆ ಈ ಎರಡರ ನಡುವೆಯೇ ಇದೆ. ವಾದಕ ಆ ಸ್ವರಗಳಿಗೆ ಇಳಿದಾಗಲೆಲ್ಲ ಸೋಫಾದ ಅಂಚಿನಲ್ಲಿ ಕೂತವರಿಗೆ ಗುಂಯ್ ಎಂದು ಕಿವಿ ತುಂಬುತ್ತದೆ. ಪಕ್ಕದ ಗೋಡೆಗೊರಗಿದ ಕುರ್ಚಿಯಲ್ಲಿ ಇನ್ನೂ ಜೋರು. ಹಾಲ್‌ನ ನಡುಗೆರೆಯಲ್ಲಿ, ಅಂದರೆ ಎರಡು ಸ್ಪೀಕರ್‌ಗಳಿಗೂ ಸಮದೂರದ ಆ ಮರ್ಯಾದೆಯ ಜಾಗದಲ್ಲಿ ಕೂತವರಿಗೆ, ಅದೇ ಸ್ವರ ಸೊರಗಿ ಕೇಳುತ್ತದೆ. ತಗ್ಗು ಸ್ವರಗಳಲ್ಲಿ ಕೆಲವೇ ಡೆಸಿಬಲ್ ಏರುಪೇರೂ ಕಿವಿಗೆ ಬಹಳ ದೊಡ್ಡದಾಗಿ ಕಾಣುತ್ತದೆ. ಬೆಲ್ ಲ್ಯಾಬ್ಸ್‌ನ ಫ್ಲೆಚರ್ ಮತ್ತು ಮನ್ಸನ್ 1933ರಲ್ಲೇ ಪ್ರಕಟಿಸಿದ ಕಿವಿಯ ರೇಖಾಚಿತ್ರಗಳಲ್ಲಿ ಇದು ಸ್ಪಷ್ಟವಾಗಿದೆ.

ನಮ್ಮ ಮನೆಗಳಲ್ಲಿ ಈ ಕಾಟ ಹೆಚ್ಚು. ಅಮೆರಿಕದ ಬಹುಪಾಲು ಮನೆಗಳಲ್ಲಿ ಮರದ ಚೌಕಟ್ಟಿಗೆ ಜಿಪ್ಸಂ ಹಲಗೆ ಹೊಡೆದ ಗೋಡೆ. ಅದು ತಾನೇ ಅಲುಗಿ ಒಂದಷ್ಟು ಬೇಸ್ ನುಂಗಿಕೊಳ್ಳುತ್ತದೆ. ಇಟ್ಟಿಗೆಯ ಗೋಡೆ, ಕಾಂಕ್ರೀಟಿನ ತಾರಸಿ ಅಷ್ಟು ಸುಲಭಕ್ಕೆ ಅಲುಗುವುದಿಲ್ಲ, ಬಂದದ್ದನ್ನು ಬಹುತೇಕ ಹಾಗೇ ಹಿಂದಕ್ಕೆ ಕಳಿಸುತ್ತವೆ. ಗೋಡೆಗೆ ಫೋಮ್ ಅಂಟಿಸಿ ಸರಿಪಡಿಸುತ್ತೇನೆ ಎನ್ನುವವರಿಗೆ ಒಂದು ಲೆಕ್ಕ ಹೇಳುತ್ತೇನೆ. 43 ಹರ್ಟ್ಸ್ ಅಲೆಯ ಉದ್ದ 26 ಅಡಿ. ಅಂಥದ್ದನ್ನು ಫೋಮಿನಿಂದ ಚೆನ್ನಾಗಿ ಹೀರಬೇಕೆಂದರೆ ಅದರ ಕಾಲು ಭಾಗದ, ಅಂದರೆ ಆರೂವರೆ ಅಡಿ ದಪ್ಪದ ಪದರ ಬೇಕು. ಎರಡಿಂಚಿನ ಫೋಮೂ ಪರದೆಯೂ ರತ್ನಗಂಬಳಿಯೂ ಇಲ್ಲಿ ಏನೂ ಮಾಡಲಾರವು.

ಈಕ್ವಲೈಸರ್? ಎಲ್ಲ ಸೀಟಿಗೂ ಸಮಾನವಾಗಿ ಇರುವ ದೋಷವನ್ನು ಅದು ಚೆನ್ನಾಗಿ ತಿದ್ದುತ್ತದೆ. ಒಂದು ಸೀಟಿನಲ್ಲಿ ಗುಂಯ್, ಪಕ್ಕದ ಸೀಟಿನಲ್ಲಿ ಸೊನ್ನೆ ಎಂದಾದಾಗ ಅದರ ಕೈ ಕಟ್ಟಿಹೋಗುತ್ತದೆ. ನಡುವಿನವರಿಗಾಗಿ 43 ಏರಿಸಿದರೆ ಅಂಚಿನವರ ಕಿವಿ ಹೋಗುತ್ತದೆ, ಆಂಪ್ಲಿಫೈಯರಿನ ಶಕ್ತಿಯೂ ವ್ಯರ್ಥ.

ಹಾಗಾಗಿ ರೋಗವನ್ನು ಹುಟ್ಟುವಲ್ಲೇ ತಡೆಯಬೇಕು. ಹರ್ಮನ್ ಕಂಪನಿಯ ಟಾಡ್ ವೆಲ್ಟಿ 2002ರಲ್ಲಿ ಆಡಿಯೊ ಎಂಜಿನಿಯರಿಂಗ್ ಸೊಸೈಟಿಯ ಮುಂದೆ ಮಂಡಿಸಿದ ಪ್ರಬಂಧ ಕೇಳಿದ್ದು ಒಂದೇ ಪ್ರಶ್ನೆ: ಎಷ್ಟು ಸಬ್ ಇದ್ದರೆ ಸಾಕು? ಆಯತಾಕಾರದ ಕೋಣೆಯಲ್ಲಿ ನಾಲ್ಕು ಗೋಡೆಗಳ ನಡುವೆ ಒಂದೊಂದು ಇಟ್ಟರೆ ಅತ್ಯುತ್ತಮ. ಎದುರುಬದುರು ಗೋಡೆಗಳ ನಡುವೆ ಎರಡೇ ಇಟ್ಟರೂ ಅದಕ್ಕೆ ತೀರ ಹತ್ತಿರ. ನಾಲ್ಕರಾಚೆ ಹೇಳಿಕೊಳ್ಳುವ ಲಾಭವಿಲ್ಲ.

ಕಾರಣ ಬಹಳ ಸೊಗಸಾಗಿದೆ. ಎಡ ಮತ್ತು ಬಲ ಗೋಡೆಗಳ ನಡುವೆ ಒಂದೊಂದು ಸಬ್ ಇದೆ ಎನ್ನಿ. ಅಗಲದ 43 ಹರ್ಟ್ಸ್ ಅಲೆಗೆ ಒಂದು ಗೋಡೆ ಏರುವಾಗ ಇನ್ನೊಂದು ಇಳಿಯಬೇಕು. ಎರಡೂ ಸಬ್ ಒಟ್ಟಿಗೆ ತಳ್ಳುತ್ತಿರುವುದರಿಂದ ಒಂದು ಎಬ್ಬಿಸಿದ್ದನ್ನು ಇನ್ನೊಂದು ಮಲಗಿಸುತ್ತದೆ. ಉದ್ದದ 31 ಹರ್ಟ್ಸ್ ಅಲೆಗೆ ಇವೆರಡೂ ಸೊನ್ನೆಯ ಜಾಗದಲ್ಲೇ ಕೂತಿವೆ, ಅದನ್ನು ಎಬ್ಬಿಸುವುದೇ ಇಲ್ಲ. ಉಳಿಯುವವುಗಳಲ್ಲಿ ಒಂದು ಉದ್ದದ ಎರಡನೇ ಅಲೆ, 63 ಹರ್ಟ್ಸ್. ಅದು ಎರಡು ತುದಿಗಳಲ್ಲಿ ಏರಿದಾಗ ನಡುವೆ ಇಳಿಯುತ್ತದೆ. ಮುಂದಿನ ಹಿಂದಿನ ಗೋಡೆಗಳಿಗೂ ಒಂದೊಂದು ಸಬ್ ಕೊಟ್ಟರೆ ತುದಿಯ ಜೋಡಿ ಮತ್ತು ನಡುವಿನ ಜೋಡಿ ಒಂದನ್ನೊಂದು ಹೊಡೆದುಹಾಕಿ ಅದೂ ಅಡಗುತ್ತದೆ. ಬೆಲೆ ಇಷ್ಟೇ: ಅಲೆಗಳ ಪುಕ್ಕಟೆ ಸಹಾಯ ತಪ್ಪುವುದರಿಂದ ಅತಿ ತಗ್ಗಿನಲ್ಲಿ ಒಟ್ಟು ಸದ್ದು ಸ್ವಲ್ಪ ಕಡಿಮೆಯಾಗುತ್ತದೆ. ಅದು ಬೇಕೇ ಬೇಕೆನ್ನುವವರು ನಾಲ್ಕನ್ನೂ ಮೂಲೆಗಳಿಗೆ ಒಯ್ಯಬಹುದು.

ಆದರೆ ನಮ್ಮ ಹಾಲ್‌ಗಳಲ್ಲಿ ಗೋಡೆಯ ನಡುವೆ ಸಬ್ ಇಡಲು ಜಾಗ ಎಲ್ಲಿದೆ? ಒಂದು ಕಡೆ ದೇವರ ಮನೆಯ ಬಾಗಿಲು, ಇನ್ನೊಂದು ಕಡೆ ಬಾಲ್ಕನಿ. ಇಲ್ಲಿ ನನ್ನ ಅಭಿಪ್ರಾಯ ಖಚಿತವಾಗಿದೆ. ಸೋಫಾ ಒಂದೇ ಸಾಲಾದರೆ ಟಿವಿ ಗೋಡೆಯಲ್ಲೇ, ಎರಡು ಪಕ್ಕದ ಗೋಡೆಗಳಿಂದ ಸಮದೂರದಲ್ಲಿ ಜೋಡಿ ಇಡಿ. ಒಂದೇ ಸಾಲಿನ ಸೀಟುಗಳ ನಡುವೆ ಜಗಳ ಹಚ್ಚುವುದು ಅಗಲದ ಅಲೆ, ಈ ಜೋಡಿ ಅದನ್ನು ಅಡಗಿಸುತ್ತದೆ. ಉದ್ದದ್ದೂ ಎತ್ತರದ್ದೂ ಸಾಲಿನ ಎಲ್ಲರಿಗೂ ಹೆಚ್ಚುಕಮ್ಮಿ ಒಂದೇ. ಅಂಥದ್ದಕ್ಕೇ ಈಕ್ವಲೈಸರ್ ಇರುವುದು. ಸೋಫಾ ಮಾತ್ರ ಹಾಲ್‌ನ ಉದ್ದದ ನಟ್ಟನಡುವೆ ಬೇಡ, 31ರ ಸೊನ್ನೆ ಅಲ್ಲೇ ಇದೆ. ಎರಡಡಿ ಹಿಂದಕ್ಕೆ ಸರಿಸಿ. ಹದಿನೈದು ಇಂಚಿನ ಒಂದು ಸಬ್‌ಗೆ ಎತ್ತಿಟ್ಟ ದುಡ್ಡಿನಲ್ಲಿ ಹತ್ತು ಇಂಚಿನ ಒಂದೇ ಮಾದರಿಯ ಎರಡು ತರುವುದೇ ಮೇಲು. ಸೋಫಾದಲ್ಲಿ ಸಬ್ ಇಟ್ಟು, ನೆಲದ ಮೇಲೆ ಅಂಬೆಗಾಲಿಟ್ಟು ಒಳ್ಳೆಯ ಜಾಗ ಹುಡುಕುವ ಹಳೆಯ ವಿಧಾನ ಒಬ್ಬ ಕೇಳುಗ, ಒಂದು ಸಬ್ ಇದ್ದಾಗ ಸೈ. ಮೂವರಿದ್ದರೆ ಅದು ಸಾಲದು.

ಊಟದ ಕೋಣೆಗೆ ತೆರೆದುಕೊಂಡ ಎಲ್ ಆಕಾರದ ಹಾಲ್‌ನಲ್ಲಿ ಈ ಅಚ್ಚುಕಟ್ಟು ಲೆಕ್ಕ ಕೈಕೊಡುತ್ತದೆ. ಅಲ್ಲಿ ನಾನು ಧ್ವನಿತಜ್ಞ ಅರ್ಲ್ ಗೆಡ್ಡೆಸ್ ಅವರ ದಾರಿ ಹಿಡಿಯುತ್ತೇನೆ: ಮೂರು ಸಣ್ಣ ಸಬ್‌ಗಳನ್ನು ಯಾವ ಸಮಾನತೆಯೂ ಇಲ್ಲದಂತೆ ಚದುರಿಸುವುದು, ಸಾಧ್ಯವಾದರೆ ಒಂದನ್ನು ಕೋಣೆಯ ಅರ್ಧ ಎತ್ತರಕ್ಕಿಂತ ಮೇಲೆ ಶೆಲ್ಫಿನಲ್ಲಿಡುವುದು. ನೆಲದ ಮೇಲೆ ಎಷ್ಟೇ ಇಟ್ಟರೂ ತಾರಸಿ-ನೆಲದ 56 ಹರ್ಟ್ಸ್ ಅಲೆ ಅಡಗುವುದಿಲ್ಲ. ಮೇಲಿನದು ಅದನ್ನು ಕುಗ್ಗಿಸುತ್ತದೆ. ಜಾಗ ಖಾತ್ರಿಪಡಿಸಲು ಅಳತೆಯ ಮೈಕ್ ಒಂದನ್ನು ಲ್ಯಾಪ್‌ಟಾಪಿಗೆ ಸಿಕ್ಕಿಸಿ, ಉಚಿತವಾಗಿ ಸಿಗುವ ರೂಮ್ ಇಕ್ಯೂ ವಿಝಾರ್ಡ್ ತಂತ್ರಾಂಶ ತೆರೆಯಿರಿ. ಸೋಫಾದ ಮೂರೂ ಸೀಟಿನಲ್ಲಿ ಕಿವಿಯ ಮಟ್ಟಕ್ಕೆ ಮೈಕ್ ಇಟ್ಟು 20ರಿಂದ 120 ಹರ್ಟ್ಸ್‌ವರೆಗೆ ಅಳೆಯಿರಿ. ಒಂದು ಸಬ್ ಸರಿಸಿ, ಮತ್ತೆ ಅಳೆಯಿರಿ. ಗೆರೆ ನೆಟ್ಟಗಿದೆಯೇ ಎಂದು ಆಗಲೇ ನೋಡಬೇಡಿ. ಮೂರು ಗೆರೆಗಳೂ ಒಂದರ ಮೇಲೊಂದು ಕೂರುವ ಜಾಗ ಸಿಕ್ಕ ಮೇಲೆ ಸಬ್‌ಗಳನ್ನು ಅಲ್ಲೇ ಬಿಟ್ಟು ಈಕ್ವಲೈಸರ್‌ಗೆ ಕೈಹಾಕಿ.