ಒದ್ದೆಯಾದರೆ ಅರಳುವ ಕೊಡೆ

ಬೆಂಕಿಪೊಟ್ಟಣದಲ್ಲಿ ಹಾಕಿಟ್ಟು ಮರೆತೇ ಹೋಗಿದ್ದ ಅಣಬೆಯೊಂದು ಆರು ತಿಂಗಳ ಮೇಲೆ ಕೈಗೆ ಸಿಕ್ಕಿತೆನ್ನಿ. ಒಣ ಜೀರಿಗೆ ಕಾಳಿನಷ್ಟು ಮುದುರಿರುತ್ತದೆ. ಅದನ್ನು ಬಸಿಯಲ್ಲಿಟ್ಟು ನಾಲ್ಕು ಹನಿ ನೀರು ಬಿಟ್ಟರೆ ಚಹಾ ಕುಡಿದು ಮುಗಿಸುವಷ್ಟರಲ್ಲಿ ಸುಕ್ಕು ಬಿಡಿಸಿಕೊಂಡು, ಅಂಚು ಚಾಚಿ, ಮತ್ತೆ ಪುಟ್ಟ ಕೊಡೆಯಾಗಿ ನಿಲ್ಲುತ್ತದೆ. ಬೇರೆ ನಾಯಿಕೊಡೆಗಳು ಒಂದೆರಡು ದಿನದಲ್ಲಿ ಕೊಳೆತು ಲೋಳೆಯಾಗುವಾಗ ಇದು ಒಣಗಿ ಕಾಯುತ್ತದೆ. ಇದರ ಕುಲದ ಹೆಸರು ಮರಾಸ್ಮಿಯಸ್.

ಹೆಗ್ಗಾಲಣಬೆಗೆ ಮುಗಿಬೀಳುವ ಮಲೆನಾಡಿನಲ್ಲಿ ಇದನ್ನು ಕಣ್ಣೆತ್ತಿ ನೋಡುವವರಿಲ್ಲ. ನೂರು ಕಿತ್ತರೂ ಒಂದು ಚಮಚ ತುಂಬದು, ಸಾರಿಗೂ ಬಾರದು. ಆದರೆ ಮುಂಗಾರು ಹಿಡಿದ ಮೇಲೆ ಸೊಪ್ಪಿನ ಬೆಟ್ಟದಲ್ಲಿ ಮಂಡಿಯೂರಿ ಕೂತು ಒದ್ದೆ ದರಕನ್ನು ಒಂದೊಂದೇ ಪದರವಾಗಿ ಎತ್ತುವವರಿಗೆ ಇದಕ್ಕಿಂತ ದೊಡ್ಡ ಬೇಟೆ ಬೇಕಿಲ್ಲ. ಕಪ್ಪು ಕೂದಲಿನಂಥ ಹೊಳೆಯುವ ಕಾಲು, ಅದರ ತುದಿಗೆ ಕುಂಕುಮಕ್ಕೆ ಚೂರು ನೇರಳೆ ಬೆರೆಸಿದ ಬಣ್ಣದ, ನೆರಿಗೆ ಹಿಡಿದ ಕೊಡೆ. ಅಗಲ ಸುಮಾರು ಒಂದು ಸೆಂಟಿಮೀಟರ್. ಉಷ್ಣವಲಯದ ಕಾಡುಗಳಲ್ಲೆಲ್ಲ ಕಾಣುವ ಮರಾಸ್ಮಿಯಸ್ ಹೆಮಟೋಸೆಫಲಸ್ ಇರುವುದು ಹೀಗೆ. ‘ರಕ್ತವರ್ಣದ ತಲೆ’ ಎಂದು ಅದರ ಅರ್ಥ. 1837ರಲ್ಲಿ ಫ್ರಾನ್ಸಿನ ಮೊಂಟಾನ್ಯ ಇದಕ್ಕೆ ಹೆಸರಿಟ್ಟಾಗ ಆತನ ಮುಂದಿದ್ದದ್ದು ಬ್ರೆಜಿಲ್‌ನ ಮಾದರಿ.

ಕುಲವನ್ನು ಕಟ್ಟಿದವನು ಸ್ವೀಡನ್ನಿನ ಎಲಿಯಾಸ್ ಫ್ರೀಸ್, 1830ರ ದಶಕದಲ್ಲಿ. ಸೊರಗುವುದು, ಒಣಗುವುದು ಎಂಬರ್ಥದ ಗ್ರೀಕ್ ಪದದಿಂದ ಹೆಸರು ತೆಗೆದ. ಒಣಗಿದ್ದು ನೀರು ಬಿದ್ದರೆ ಮತ್ತೆ ಅರಳಬೇಕು, ಇದು ಆತ ಹಾಕಿದ ಗೆರೆ. ಭೂತಗನ್ನಡಿ ಕೂಡ ಬೇಡದ, ಬಸಿಯೊಂದಿದ್ದರೆ ಸಾಕಾಗುವ ಪರೀಕ್ಷೆ. ಆ ಗೆರೆಯ ಒಳಗೆ ಏನೇನೋ ಬಂದು ಸೇರಿಕೊಂಡವು. ಮುಂದಿನ ರಗಳೆಗೆಲ್ಲ ಅದೇ ಮೂಲ.

ಆಂಡ್ರೊಸೇಸಿಯಸ್ ಎಂಬ ಪ್ರಭೇದದ ಕಥೆ ಕೇಳಬೇಕು. ಯೂರೋಪಿನಲ್ಲಿ ಉದುರಿದ ಪೈನ್ ಸೂಜಿಗಳ ಮೇಲೆ ಬೆಳೆಯುವ ಇದನ್ನು 1753ರಲ್ಲಿ ಲಿನೇಯಸ್ ಅಗಾರಿಕಸ್ ಎಂದ. ಆ ಕಾಲಕ್ಕೆ ಕೊಡೆಯಡಿ ಕಿವಿರಿನಂಥ ಪದರಗಳಿದ್ದ ಅಣಬೆಗಳೆಲ್ಲ ಅಗಾರಿಕಸ್ಸೇ. ಫ್ರೀಸ್ ಮರಾಸ್ಮಿಯಸ್‌ಗೆ ತಂದ. 1987ರಲ್ಲಿ ಜೆಕ್ ವಿಜ್ಞಾನಿ ಆಂಟೋನಿನ್ ಸೆಟುಲಿಪಿಸ್ ಎಂಬ ಹೊಸ ಮನೆ ಕಟ್ಟಿಕೊಟ್ಟ. ಡಿಎನ್‌ಎ ಓದಿದವರು ಅಲ್ಲಿಂದಲೂ ಎಬ್ಬಿಸಿ ಜಿಮ್ನೋಪಸ್‌ಗೆ ಕಳಿಸಿದರು, ಕುಟುಂಬವೇ ಬೇರೆಯಾಯಿತು. ಬೆಳ್ಳುಳ್ಳಿ ವಾಸನೆಯ ಸ್ಕೊರೊಡೋನಿಯಸ್ ಕೂಡ 2005ರಲ್ಲಿ ವಿಲ್ಸನ್ ಮತ್ತು ಡೆಸ್ಜಾರ್ಡಿನ್ ಕೈಯಲ್ಲಿ ಮೈಸಿಟಿನಿಸ್ ಆಗಿ ಹೊರಬಿತ್ತು. ಒಣಗಿ ಅರಳುವುದು ವಂಶದ ಗುರುತಲ್ಲ. ತೆಳ್ಳಗಿನ ಎಲೆಯ ಮೇಲೆ ಬದುಕುವವರಿಗೆ ನೀರು ಇಂದುಂಟು ನಾಳೆಯಿಲ್ಲ. ಬೇರೆಬೇರೆ ಮನೆತನದವರು ತಂತಮ್ಮ ಪಾಡಿಗೆ ಇದೇ ಉಪಾಯ ಕಲಿತಿದ್ದಾರೆ.

ಹಾಗಾದರೆ ಗುರುತು ಯಾವುದು? ಮೊದಲು ಕೊಡೆಯನ್ನು ಬೋರಲು ಹಾಕಬೇಕು. ಕುಲದ ಮಾದರಿ ಪ್ರಭೇದ ಮರಾಸ್ಮಿಯಸ್ ರೋಟುಲಾ, ಎಂದರೆ ಪುಟ್ಟ ಚಕ್ರ. ಹತ್ತು ಪಟ್ಟು ಹಿಗ್ಗಿಸುವ ಮಸೂರದಲ್ಲಿ ನೋಡಿದರೆ ಅದರ ಇಪ್ಪತ್ತರ ಆಸುಪಾಸಿನ ಕಿವಿರುಗಳಲ್ಲಿ ಒಂದೂ ಕಾಲನ್ನು ಮುಟ್ಟುವುದಿಲ್ಲ. ಸೈಕಲ್ ಚಕ್ರದ ಕಡ್ಡಿಗಳಂತೆ ಎಲ್ಲವೂ ನಡುವಿನ ಒಂದು ಬಳೆಗೆ ಬಂದು ಕೂಡುತ್ತವೆ. ಕಾಲು ಆ ಬಳೆಯೊಳಗೆ ಅಚ್ಚಿನಂತೆ ನಿಂತಿರುತ್ತದೆ. ನಮ್ಮ ಕೆಂಪು ತಲೆಯದಕ್ಕೆ ಈ ಬಳೆಯಿಲ್ಲ. ಅದರ ಕಿವಿರುಗಳು ದೂರದೂರ, ನೇರ ಕಾಲಿನ ಬಳಿಗೇ ಹೋಗುತ್ತವೆ. ಈ ಒಂದು ನೋಟದಲ್ಲಿ ಕುಲದ ಒಳಗಿನ ದೊಡ್ಡ ಗುಂಪುಗಳು ಬೇರೆಯಾಗಿಬಿಡುತ್ತವೆ.

ಬಣ್ಣವನ್ನು ನಂಬುವವರು ಮೋಸ ಹೋಗುತ್ತಾರೆ. ಬೆಳಿಗ್ಗೆ ಕಡುಗೆಂಪಿದ್ದದ್ದು ಜೋರು ಮಳೆಯಲ್ಲಿ ತೊಯ್ದು ಸಂಜೆಗೆ ಗುಲಾಬಿಯಾಗಬಹುದು. ಒಣಗಿಸಿದರೆ ಇನ್ನಷ್ಟು ಮಾಸುತ್ತದೆ. ಫೋಟೋ ನೋಡಿ ಪ್ರಭೇದದ ಹೆಸರು ಹೇಳುವ ಧೈರ್ಯ ಈ ಕುಲದಲ್ಲಿ ಸಲ್ಲದು.

ಹೀಗಾಗಿ ಕೊನೆಗೆ ಸೂಕ್ಷ್ಮದರ್ಶಕಕ್ಕೇ ಬರಬೇಕು. ಕೊಡೆಯ ಮೇಲ್ಸಿಪ್ಪೆಯನ್ನು ಬ್ಲೇಡಿನಿಂದ ಹೆರೆದು, ಪೊಟ್ಯಾಸಿಯಂ ಹೈಡ್ರಾಕ್ಸೈಡ್‌ನ ತೆಳು ದ್ರಾವಣದಲ್ಲಿ ಮೆದುವಾಗಿಸಿ ನೋಡಿದರೆ ಅಲ್ಲಿ ಹಿಡಿಸೂಡಿಯಂಥ ಕೋಶಗಳ ಸಾಲು. ಹಿಡಿ ಕೆಳಗೆ, ಕಡ್ಡಿಗಳು ಮೇಲೆ. ಇದು ಸಿಕ್ಕಸ್ ಮಾದರಿ. ಉತ್ತರ ಕೆರೊಲಿನಾದ ಪಾದ್ರಿ ಶ್ವೈನಿಟ್ಸ್ 1822ರಲ್ಲಿ ವರ್ಣಿಸಿದ, ಈಗಿನ ಮರಾಸ್ಮಿಯಸ್ ಸಿಕ್ಕಸ್‌ನಿಂದ ಈ ಹೆಸರು. ಕೆಂಪು ತಲೆಯದರದೂ ಇದೇ ಮಾದರಿ. ಇನ್ನೊಂದು ಬಗೆಯ ಕೋಶಕ್ಕೆ ಕಡ್ಡಿಗಳಿಲ್ಲ, ಎಳೆ ಹಲಸಿನಕಾಯಿಯಂತೆ ಮೈಯೆಲ್ಲ ಮೊನಚು ಗುಳ್ಳೆ. ಇದು ರೋಟಾಲಿಸ್ ಮಾದರಿ. ಇದರ ಹೆಸರಿನ ಮೂಲ ನಮಗೆ ಹತ್ತಿರದ್ದು: ಶ್ರೀಲಂಕಾದ ಪೆರಾದೆನಿಯ ಸಸ್ಯೋದ್ಯಾನದಿಂದ ಥ್ವೇಟ್ಸ್ ಒಣಗಿಸಿ ಹಡಗಿಗೆ ಹಾಕಿ ಕಳಿಸುತ್ತಿದ್ದ ಅಣಬೆಗಳನ್ನು ಇಂಗ್ಲೆಂಡಿನಲ್ಲಿ ಕೂತು ಬರ್ಕ್ಲಿ ಮತ್ತು ಬ್ರೂಮ್ 1870ರ ದಶಕದಲ್ಲಿ ವರ್ಣಿಸಿದರು. ರೋಟಾಲಿಸ್ ಅವುಗಳಲ್ಲೊಂದು. ಪಶ್ಚಿಮಘಟ್ಟದ ಮರಾಸ್ಮಿಯಸ್ ಹಿಡಿದವರು ಇಂದಿಗೂ ಆ ದ್ವೀಪದ ಪಟ್ಟಿಯನ್ನು ತಿರುವಿ ಹಾಕದೆ ಮುಂದೆ ಹೋಗುವಂತಿಲ್ಲ.

ಬೀಜಕಗಳ ಅಳತೆಯೂ ಬೇಕು. ಬಿಳಿ ಬೀಜಕ ಬಿಳಿ ಕಾಗದದ ಮೇಲೆ ಕಾಣದು, ಆದ್ದರಿಂದ ಕೊಡೆಗಳನ್ನು ಗಾಜಿನ ಪಟ್ಟಿಯ ಮೇಲೆ ಬೋರಲಿಟ್ಟು ಲೋಟ ಮುಚ್ಚಿ ರಾತ್ರಿ ಬಿಡುತ್ತಾರೆ. ರೋಟುಲಾದ ಬೀಜಕ ಸುಮಾರು 8 ಮೈಕ್ರೋಮೀಟರ್ ಉದ್ದವಾದರೆ ಹೆಮಟೋಸೆಫಲಸ್‌ನದು 20ರ ಸುಮಾರು, ಉದ್ದಕ್ಕೆ ಎಳೆದ ಅಕ್ಕಿಕಾಳಿನಂತೆ. ಒಮ್ಮೊಮ್ಮೆ ಬೀಜಕವೊಂದೇ ತೀರ್ಪು ಕೊಟ್ಟುಬಿಡುತ್ತದೆ. ಬಿಳಿ ಕೊಡೆ, ಕರಿ ಕಾಲಿನ ನೈಗ್ರಿಪಿಸ್ ಬಹುಕಾಲ ಮರಾಸ್ಮಿಯಸ್ ಎನಿಸಿಕೊಂಡಿತ್ತು. ಅದರ ಬೀಜಕ ನೋಡಿದರೆ ಥೇಟ್ ನೆಗ್ಗಿಲು ಮುಳ್ಳು, ನಾಲ್ಕು ಚೂಪು ತೋಳು. ಈಗ ಅದು ಟೆಟ್ರಪಿರ್ಗಾಸ್ ಕುಲದಲ್ಲಿದೆ.

ಅಯೋಡಿನ್ ಪರೀಕ್ಷೆ ಇನ್ನೊಂದು. ಜೆಕ್ ನಾಡಿನ ಮೆಲ್ಜರ್ 1924ರಲ್ಲಿ ಕೊಟ್ಟ ದ್ರಾವಣ ತಾಗಿದರೆ ಮರಾಸ್ಮಿಯಸ್‌ನ ಒಳತಿರುಳು ಸಾಮಾನ್ಯವಾಗಿ ಇಟ್ಟಿಗೆಗೆಂಪಿಗೆ ತಿರುಗುತ್ತದೆ. ಅದರಲ್ಲಿ ಕ್ಲೋರಲ್ ಹೈಡ್ರೇಟ್ ಇರುವುದರಿಂದ ಹವ್ಯಾಸಿಗಳಿಗೆ ಸುಲಭಕ್ಕೆ ಸಿಗುವ ಸಾಮಾನಲ್ಲ. 2012ರಲ್ಲಿ ಶಿಲೀಂಧ್ರಗಳ ಅಧಿಕೃತ ಬಾರ್‌ಕೋಡ್ ಎಂದು ಆಯ್ದ ಐಟಿಎಸ್ ಎಂಬ ಡಿಎನ್‌ಎ ತುಣುಕಿದೆ. ಆದರೆ ಆ ತುಣುಕನ್ನು ಹೋಲಿಸಿ ನೋಡಲು ಸರಿಯಾಗಿ ಗುರುತಿಸಿಟ್ಟ ಮಾದರಿ ಮೊದಲೇ ಇರಬೇಕು, ಅದಕ್ಕೆ ಮತ್ತೆ ಹಿಡಿಸೂಡಿ ಎಣಿಸುವವರೇ ಬೇಕು.

ಕಾಡಿನಲ್ಲಿ ಮಾಡಬೇಕಾದ ಕೆಲಸವೊಂದಿದೆ, ಮನೆಗೆ ಬಂದ ಮೇಲೆ ಅದನ್ನು ತುಂಬಿಕೊಳ್ಳಲಾಗದು. ಕೆಲವು ಅಣಬೆಗಳ ಕಾಲಿನ ಬುಡದಲ್ಲಿ ಹತ್ತಿಯಂಥ ಬಿಳಿ ಕವಕಜಾಲ ಹರಡಿರುತ್ತದೆ. ಇನ್ನು ಕೆಲವು ಕಸಿ ಕಟ್ಟಿದಂತೆ, ಬುಡದಲ್ಲಿ ನೂಲಿನೆಳೆಯೂ ಇಲ್ಲದೆ, ಎಲೆಯ ನರಕ್ಕೆ ಗುಂಡುಸೂಜಿ ಚುಚ್ಚಿದಂತೆ ನಿಂತಿರುತ್ತವೆ. ಕುದುರೆಕೂದಲಿನಂಥ ಕರಿ ಎಳೆಗಳನ್ನು ಬಿಡುವ ಕ್ರಿನಿಸ್-ಎಕ್ವಿ ಇನ್ನೂ ವಿಚಿತ್ರ. ಅದು ಉದುರುವ ಎಲೆಗಳನ್ನು ನೆಲ ಮುಟ್ಟುವ ಮೊದಲೇ ಕೊಂಬೆಗಳ ನಡುವೆ ಬಲೆ ಹಾಕಿ ಹಿಡಿಯುತ್ತದೆ. ಹಕ್ಕಿಗಳು ಆ ಎಳೆಗಳನ್ನು ಗೂಡಿಗೆ ಒಯ್ಯುವುದೂ ಉಂಟು. ಬುಡ ಹೇಗಿತ್ತು, ಎಲೆ ಯಾವ ಮರದ್ದು, ಕೂತದ್ದು ನರದ ಮೇಲೋ ಬಯಲಿನಲ್ಲೋ, ಇಷ್ಟನ್ನು ಅಲ್ಲೇ ಬರೆದುಕೊಳ್ಳಬೇಕು. ಎಲೆ ಬಿಟ್ಟು ಅಣಬೆಯನ್ನಷ್ಟೇ ಚಿವುಟಿ ಪೊಟ್ಟಣಕ್ಕೆ ಹಾಕಿಕೊಂಡು ಬಂದವರನ್ನು ಪಳಗಿದವರು ಚಹಾ ಕೂಡ ಕೊಡದೆ ಮತ್ತೆ ಬೆಟ್ಟಕ್ಕೆ ಅಟ್ಟುತ್ತಾರೆ.