ಹದಿನೆಂಟರಲ್ಲಿ ಒಂದು ಪಾಲು ಮದ್ದು

ನವಿ ಮುಂಬಯಿಯ ನೆರೂಳದ ನಮ್ಮವರ ಮನೆಗಳಲ್ಲಿ ಬಾಯಿ ಕ್ಯಾನ್ಸರಿನ ಸುದ್ದಿ ಬಂದರೆ ಮೊದಲ ಪ್ರಶ್ನೆ, 'ಯಾವ ಮದ್ದು ಒಳ್ಳೆಯದು?' ಎರಡನೆಯದನ್ನು ದನಿ ತಗ್ಗಿಸಿ ಕೇಳುತ್ತಾರೆ: 'ಎಷ್ಟಾಗ್ತದೆ?' ಔಷಧ ಕಂಪನಿಗಳ ಪ್ರಯೋಗಗಳು ಮೊದಲನೆಯದಕ್ಕೆ ಉತ್ತರಿಸಿ ಕೈತೊಳೆದುಕೊಳ್ಳುತ್ತವೆ. ಎರಡನ್ನೂ ಒಟ್ಟಿಗೆ ಎದುರಿಸಿದ ಅಪರೂಪದ ಕೆಲಸ ಪರೇಲಿನ ಟಾಟಾ ಆಸ್ಪತ್ರೆಯದು.

ಗುಣವಾಗುವ ಹಂತ ದಾಟಿದ ತಲೆ-ಕುತ್ತಿಗೆ ಕ್ಯಾನ್ಸರಿನವರಿಗೆ ವಿಜಯ್ ಪಾಟೀಲ್, ಕುಮಾರ್ ಪ್ರಭಾಷ್ ಮತ್ತಿತರ ವೈದ್ಯರು ಮೊದಲು ಅಗ್ಗದ ಮಾತ್ರೆಗಳನ್ನೇ ಪರೀಕ್ಷೆಗೆ ಒಡ್ಡಿದರು. ಮೆಥೊಟ್ರೆಕ್ಸೇಟ್ ಮತ್ತು ಸೆಲೆಕಾಕ್ಸಿಬ್ ಒಂದು ಕಡೆ, ರಕ್ತನಾಳಕ್ಕೆ ಕೊಡುವ ಸಿಸ್‌ಪ್ಲಾಟಿನ್ ಇನ್ನೊಂದು ಕಡೆ. 2020ರಲ್ಲಿ ಪ್ರಕಟವಾದ, 422 ರೋಗಿಗಳ ಈ ಪ್ರಯೋಗದಲ್ಲಿ ಮಾತ್ರೆ ತೆಗೆದುಕೊಂಡವರ ಮಧ್ಯಮ ಬದುಕು (ಅಂದರೆ ಅರ್ಧದಷ್ಟು ಜನ ಬದುಕಿದ್ದ ಅವಧಿ) 7.5 ತಿಂಗಳು, ಸಿಸ್‌ಪ್ಲಾಟಿನ್‌ನವರದು 6.1.

ಆಮೇಲಿನದು ಇನ್ನೂ ದಿಟ್ಟ ಹೆಜ್ಜೆ. ಇಮ್ಯುನೊಥೆರಪಿಯ ದುಬಾರಿ ಮದ್ದಾದ ನಿವೊಲುಮಾಬ್ ಅನ್ನು ಎರಡು ವಾರಕ್ಕೊಮ್ಮೆ 240 ಮಿಲಿಗ್ರಾಂ ಕೊಡುವುದು ವಾಡಿಕೆ. ಇವರು ಮೂರು ವಾರಕ್ಕೊಮ್ಮೆ 20 ಮಿಲಿಗ್ರಾಂ ಕೊಟ್ಟರು. ಆರು ವಾರದ ಲೆಕ್ಕ ಹಾಕಿದರೆ 720ರ ಜಾಗದಲ್ಲಿ 40, ಹದಿನೆಂಟರಲ್ಲಿ ಒಂದು ಪಾಲು. 151 ಮಂದಿಯಲ್ಲಿ ಅರ್ಧದಷ್ಟು ಜನರಿಗೆ ಮಾತ್ರೆಗಳು ಮಾತ್ರ (ಈ ಸಲ ಎರ್ಲೊಟಿನಿಬ್ ಕೂಡ ಸೇರಿತ್ತು), ಉಳಿದವರಿಗೆ ಮಾತ್ರೆಗಳ ಜೊತೆ ಈ ಇಂಜೆಕ್ಷನ್. ವರ್ಷ ಕಳೆದಾಗ ಮೊದಲ ಗುಂಪಿನಲ್ಲಿ ಬದುಕಿದ್ದವರು ಶೇ. 16.3, ಎರಡನೆಯದರಲ್ಲಿ ಶೇ. 43.4. ತೀವ್ರ ಅಡ್ಡಪರಿಣಾಮ ಹೆಚ್ಚಲಿಲ್ಲ.

ಇಲ್ಲಿ ಓದುಗ ಎಡವುವುದು ಸುಲಭ. 'ಹಾಗಾದರೆ ಪೂರ್ತಿ ಡೋಸ್ ದಂಡ' ಎಂದು ಈ ಪ್ರಯೋಗ ಹೇಳಿಯೇ ಇಲ್ಲ. ಪೂರ್ತಿ ಡೋಸಿನ ಗುಂಪೇ ಅದರಲ್ಲಿರಲಿಲ್ಲ. 2016ರ ಅಂತರರಾಷ್ಟ್ರೀಯ ಪ್ರಯೋಗದಲ್ಲಿ ತೂಕಕ್ಕೆ ತಕ್ಕ ಪೂರ್ಣ ಪ್ರಮಾಣ ಪಡೆದವರಲ್ಲಿ ವರ್ಷದ ನಂತರ ಉಳಿದವರು ಶೇ. 36, ಅದನ್ನು ಈ 43ರ ಪಕ್ಕ ಇಟ್ಟು ಬೀಗುವುದು ತಪ್ಪು. ರೋಗಿಗಳೇ ಬೇರೆ, ಜೊತೆಗಿದ್ದ ಮದ್ದುಗಳೂ ಬೇರೆ. ಒಂದೇ ಕೇಂದ್ರದ, 151 ಜನರ ಲೆಕ್ಕವೆಂಬುದೂ ನೆನಪಿರಲಿ. ಮಧ್ಯಮ ಬದುಕು ಹಿಗ್ಗಿದ್ದು 6.7 ತಿಂಗಳಿಂದ 10.1ಕ್ಕೆ, ಅಷ್ಟೆ. ಆದರೆ ಆ ಮೂರು ತಿಂಗಳು ಯಾರದೋ ಮಗಳ ಮದುವೆಯನ್ನು ಒಳಗೊಂಡಿರಬಹುದು. ಅದನ್ನು 'ಅಷ್ಟೆ' ಎನ್ನಲು ನನಗೆ ಬಾಯಿ ಬರುವುದಿಲ್ಲ.

ಇನ್ನೊಂದು ತೊಡಕು ಕಾಗದದ ಮೇಲೆ ಕಾಣದು. ಮಾರುಕಟ್ಟೆಯ ಸಣ್ಣ ಬಾಟಲಿಯೇ 40 ಮಿಲಿಗ್ರಾಂ. ಅದೇ ದಿನ ಇನ್ನೊಬ್ಬ ರೋಗಿ ಸಿಕ್ಕರೆ ಹಂಚಿಕೊಳ್ಳಬಹುದು, ಇಲ್ಲದಿದ್ದರೆ ಅರ್ಧ ಚೆಲ್ಲಬೇಕು. ಟಾಟಾದಂಥ ಜನನಿಬಿಡ ಆಸ್ಪತ್ರೆಯಲ್ಲಿ ಸಾಧ್ಯವಾದ ಉಳಿತಾಯ ಸಣ್ಣ ನರ್ಸಿಂಗ್ ಹೋಮಿನಲ್ಲಿ ಕರಗಿಹೋಗುತ್ತದೆ.

ಇಷ್ಟಾದರೂ ಈ ಪ್ರಯೋಗವನ್ನು ನಾನು ಮೇಲಿನ ಸಾಲಿನಲ್ಲೇ ಇಡುತ್ತೇನೆ. ಪೂರ್ತಿ ಡೋಸ್ ಕೊಳ್ಳಲಾಗದ ಮನೆಯವರ ಎದುರು ಇದ್ದದ್ದು ದೊಡ್ಡ ಡೋಸೋ ಸಣ್ಣ ಡೋಸೋ ಎಂಬ ಆಯ್ಕೆಯಲ್ಲ. ಸಣ್ಣ ಡೋಸೋ ಬರೀ ಮಾತ್ರೆಗಳೋ ಎಂಬುದು. ಹೋಲಿಕೆಯನ್ನು ಅಲ್ಲಿಗೇ ತಂದು ನಿಲ್ಲಿಸಿದ್ದು ಇದರ ಹೆಚ್ಚುಗಾರಿಕೆ. ದುಬಾರಿ ಮದ್ದನ್ನು ಯಾರಾದರೂ ಹೊಗಳಿದಾಗ 'ಯಾವುದಕ್ಕೆ ಹೋಲಿಸಿ ಹೇಳ್ತಿದ್ದೀರಿ ಡಾಕ್ಟ್ರೇ?' ಎಂದು ಸಂಕೋಚವಿಲ್ಲದೆ ಕೇಳಿ.